ಕುಂಕುಮದ ಕೆಳಗಿನ ಅಕ್ಷರ

ಯಲಬುರ್ಗಾ
17-8-1989

ಎಲೈ ಕಸ್ತೂರಿ!

ಇದೋ, ನಿನ್ನ ಸೋದರಮಾವ ಕುಬೇರಪ್ಪ ಪರದೆ ಸರಿಸಿಕೊಂಡು ತಾನೇ ಮೊದಲು ಬಂದು ನಿಂತಿದ್ದಾನೆ. ಯುಗಾದಿ ಮುಗಿಸಿ ಟ್ರಂಕು ಹೊತ್ತು ಗಂಗಾವತಿ ಬಸ್ಸು ಹತ್ತಿದವಳು ನೀನು. ಶ್ರಾವಣ ಅರ್ಧ ಕಳೆಯಿತು, ಒಂದು ಕಾರ್ಡಿಲ್ಲ! ಪೋಸ್ಟಮನ್ನನ ಸೈಕಲ್ ಗಂಟೆ ಕೇಳಿದರೆ ಸಾಕು, ನಿಮ್ಮತ್ತಿ ಹುಲಗಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸುತ್ತಾಳೆ. ಅವನು ನಮ್ಮ ಮನಿ ದಾಟಿ ಹೋದ ಮೇಲೆ ಬಡಿಯುತ್ತಾಳೆ ನೋಡು, ಅದು ರೊಟ್ಟಿಯ ಸದ್ದಲ್ಲ, ಯುದ್ಧದ ನಗಾರಿ!

ನಡೆದದ್ದು ನಡೆಯಿತು. ನಿನ್ನ ತಾಯಿ ಸತ್ತ ದಿನ ನಿನ್ನನ್ನು ಎತ್ತಿಕೊಂಡು ಬಂದವನು ನಾನು. ನನ್ನ ಮಗ ಕಳಕಪ್ಪನಿಗೆ ನೀನು ಅಂತ ಆ ದಿನವೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಹಿರಿಯರನ್ನು ಕರೆಸಿ, ಕಂಬಳಿ ಹಾಸಿ, ಎಲಿ-ಅಡಕಿ ಇಟ್ಟೆ. ನೀನು ಒಲ್ಲೆ ಅಂದೆ. ಅದಾದರೂ ಹೇಗೆ ಅಂದೆ? ನೆಲ ನೋಡಿಕೊಂಡು, ಗುಬ್ಬಿ ಉಸಿರು ಬಿಟ್ಟ ಹಾಗೆ! ನಾನು ಕಲಿಸಿದ್ದೇನು ನಿನಗೆ? ರಂಗದ ಮೇಲೆ ನಿಂತವರ ಮಾತು ಕಡೇ ಸಾಲಿನಲ್ಲಿ ಕಂಬಳಿ ಹೊದ್ದು ಕುಂತ ಮುದುಕಿಗೆ ಕೇಳಬೇಕು. ಆಕೆಗೆ ಕೇಳದ ಮಾತು ಆಡಿದರೇನು, ಬಿಟ್ಟರೇನು? ನಿನ್ನ 'ಒಲ್ಲೆ'ಯನ್ನು ಎದುರಿಗೇ ಕುಂತ ನಾನು ಎರಡು ಸಲ ಹೇಳಿಸಬೇಕಾಯಿತು.

ಕಳಕಪ್ಪನ ಸುದ್ದಿ ನೀನು ಕೇಳುವುದಿಲ್ಲ, ನಾನು ಹೇಳದೆ ಬಿಡುವುದಿಲ್ಲ. ಹೊಲಕ್ಕೆ ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಗರ್ಜಿಸಿದವನ ಮನೆಯಲ್ಲಿ ಇಂಥ ಮೂಕಬಸಪ್ಪ ಹೇಗೆ ಹುಟ್ಟಿದನೋ ಆ ದೇವರಿಗೇ ಗೊತ್ತು.

ಇನ್ನು ಮುಖ್ಯ ಮಾತು. ಬೀಜ-ಗೊಬ್ಬರದಂಗಡಿ ಓಬಳೆಪ್ಪ ನಿನ್ನೆ ನಾಲ್ಕು ಮಂದಿಯ ಎದುರು ಕೇಳಿದ: "ಮಾಸ್ತರ, ನಿಮ್ಮ ಸೊಸಿ ಗಂಗಾವತ್ಯಾಗ ದಿನಾ ಟೀವಿ ಮುಂದ ಕುಂತು ಪಗಾರ ತಗೋತಾಳಂತಲ್ರಿ, ಹೌದ?" ನನ್ನ ಬಾಯಿಗೆ ಮಾತು ಬರಲಿಲ್ಲ! ಕುಬೇರಪ್ಪನ ಬಾಯಿಗೆ! ನಿನ್ನ ಕೆಲಸ ಏನು, ನನಗೆ ತಿಳಿಯುವ ಹಾಗೆ ಬರಿ. ಉತ್ತರ ಕೊಡಬೇಕು ಅವನಿಗೆ.

ಗಂಟಲು ಇನ್ನೂ ಗಟ್ಟಿ ಇರುವ ನಿನ್ನ ಮಾವ,
ಕುಬೇರಪ್ಪ


ಗಂಗಾವತಿ
3-9-1989

ಮಾವನವರಿಗೆ, ಅತ್ತೆಯವರಿಗೆ ಕಸ್ತೂರಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಓದಿದೆ ಅನ್ನುವುದಕ್ಕಿಂತ ಕೇಳಿದೆ ಅನ್ನಬೇಕು. ಪಕ್ಕದ ಕೋಣೆಯವರಿಗೂ ಕೇಳಿಸಿರಬೇಕು.

ಟೀವಿ ಅಲ್ಲ ಮಾವ, ಕಂಪ್ಯೂಟರು. ನಮ್ಮ ಬೀಜದ ಕಂಪನಿ ಶ್ರೀರಾಮನಗರದ ರಸ್ತೆಯಲ್ಲಿದೆ. ನನ್ನ ಕೆಲಸ ಲ್ಯಾಬಿನಲ್ಲಿ. ಪ್ರತಿ ಲಾಟಿನಿಂದ, ಅಂದರೆ ಒಟ್ಟಿಗೆ ಬಂದ ಚೀಲಗಳ ರಾಶಿಯಿಂದ, ಹಿಡಿ ಬೀಜ ತಂದು ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಮೊಳಕೆ ಬರುವ ತನಕ ಕಾಯ್ದು ಎಣಿಸುತ್ತೇನೆ. ಚೆನ್ನಾಗಿ ಮೊಳೆತರೆ ಪಾಸು, ಇಲ್ಲದಿದ್ದರೆ ಫೇಲು. ಅದನ್ನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಗೋದಾಮಿನ ಹೊನ್ನೂರಪ್ಪ ತನ್ನ ಕಂಪ್ಯೂಟರಿನಲ್ಲಿ ಅದನ್ನು ನೋಡಿ, ಪಾಸಾದ ಲಾಟಿಗೆ ಮಾತ್ರ ಚೀಟಿ ಹೊಲಿಸಿ ಚೀಲ ಹೊರಗೆ ಬಿಡುತ್ತಾನೆ. ನಾನು ಇಲ್ಲಿ ಬರೆದದ್ದು ಅವನಿಗೆ ಅಲ್ಲಿ ಹೇಗೆ ಕಾಣುತ್ತದೆ ಅಂತ ಓಬಳೆಪ್ಪ ಖಂಡಿತ ಕೇಳುತ್ತಾರೆ. ಹೇಳುತ್ತೇನೆ.

ನಿಮ್ಮ ನಾಟಕ ಕಂಪನಿಯ ದೊಡ್ಡ ಪೆಟ್ಟಿಗೆ ನೆನಪಿದೆಯಲ್ಲ? ಕಿರೀಟ, ಗದೆ, ಜರಿ ಸೀರೆ ಎಲ್ಲ ಅದರಲ್ಲಿ. ರಾಜನೂ ಅದರಿಂದಲೇ ತೆಗೆಯಬೇಕು, ದ್ವಾರಪಾಲಕನೂ ಅದರಿಂದಲೇ. ಅದಲ್ಲದೆ ಒಬ್ಬೊಬ್ಬ ನಟನ ಮಂಚದ ಕೆಳಗೂ ಅವನದೇ ಒಂದು ಸಣ್ಣ ಟ್ರಂಕು. ಇಲ್ಲಿಯೂ ಹಾಗೇ. ಲ್ಯಾಬಿಗೊಂದು, ಗೋದಾಮಿಗೊಂದು, ಮ್ಯಾನೇಜರ್ ಸಾಹೇಬರಿಗೊಂದು ಕಂಪ್ಯೂಟರು. ಅವುಗಳ ಒಳಗೆ ಅವರವರ ಟ್ರಂಕು. ಗಾಜಿನ ಕೋಣೆಯಲ್ಲಿ ಯಾರೂ ಕೂರದ ಇನ್ನೊಂದಿದೆ. ಅದು ಎಲ್ಲರ ಪೆಟ್ಟಿಗೆ. ಹೈದರಾಬಾದಿನಿಂದ ಇಂಜಿನಿಯರ್ ಬಂದು ಗೋಡೆಯಗುಂಟ ಒಂದು ಕಪ್ಪು ತಂತಿ ಎಳೆದು ನಾಲ್ಕನ್ನೂ ಜೋಡಿಸಿ ಹೋದರು. ಮುಂಜಾನೆ ಚಾಲೂ ಮಾಡಿದರೆ ಅದು ನನ್ನ ಹೆಸರು ಕೇಳುತ್ತದೆ, ಆಮೇಲೆ ನನಗೊಬ್ಬಳಿಗೇ ಗೊತ್ತಿರುವ ಒಂದು ಗುಟ್ಟಿನ ಪದ ಕೇಳುತ್ತದೆ. ಸರಿಯಾಗಿ ಹೇಳಿದರೆ ಎಲ್ಲರ ಪೆಟ್ಟಿಗೆಯ ಮುಚ್ಚಳ ತೆರೆಯುತ್ತದೆ.

ನನ್ನ ಕಂಪ್ಯೂಟರಿನ ಗಾಜಿನ ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಅಕ್ಷರ ಕಾಣುತ್ತಿರುತ್ತದೆ. 'ಎಫ್' ಇದ್ದರೆ ನಾನು ಎಲ್ಲರ ಪೆಟ್ಟಿಗೆಯಲ್ಲಿದ್ದೇನೆ ಅಂತ. 'ಸಿ' ಇದ್ದರೆ ನನ್ನ ಟ್ರಂಕಿನಲ್ಲಿದ್ದೇನೆ ಅಂತ. ನಾನು ಕಲಿಯಲೆಂದು ಇಂಜಿನಿಯರ್ ನನ್ನ ಟ್ರಂಕಿನಲ್ಲಿಯೂ ಅದೇ ಹೆಸರಿನ, ಅದೇ ರೂಪದ ಒಂದು ನಕಲು ಇಟ್ಟು ಹೋಗಿದ್ದಾರೆ. ನೋಡಲು ಅವಳಿ-ಜವಳಿ. ಆ ಒಂದು ಅಕ್ಷರವೇ ಗುರುತು.

ಅತ್ತೆಯವರ ಮೊಣಕಾಲು ಹೇಗಿದೆ? ಎರಿ ಹೊಲಕ್ಕೆ ಈ ಹಿಂಗಾರಿಗೆ ಏನು ಬಿತ್ತಬೇಕೆಂದಿದ್ದೀರಿ? ಕೆಳಗಿನ ಬದು ಒಡೆದಿತ್ತು, ಹಾಕಿದರೇ?

ನಿಮ್ಮ
ಕಸ್ತೂರಿ


ಯಲಬುರ್ಗಾ
24-9-1989

ಭಲೇ ಕಸ್ತೂರಿ, ಭಲೇ!

ನಿನ್ನ ಕಾಗದವನ್ನು ಓಬಳೆಪ್ಪನ ಅಂಗಡಿ ಕಟ್ಟೆಯ ಮೇಲೆ ನಿಂತು ಓದಿದೆ. ಓದಿದೆನೇ? ಅಭಿನಯಿಸಿದೆ! ಎಲ್ಲರ ಪೆಟ್ಟಿಗೆ, ಗುಟ್ಟಿನ ಪದ, ತೆರೆಯುವ ಮುಚ್ಚಳ! ಹಾದಿ ಹಿಡಿದು ಹೋಗುವ ಎತ್ತಿನಬಂಡಿಗಳು ನಿಂತವು. ಓಬಳೆಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. "ಹಾಂಗಾದ್ರ ಮಾಸ್ತರ, ಫೇಲಾದ ಬೀಜ ಹೊರಗ ಬರಾಂಗಿಲ್ಲನು?" ಅಂದ. "ಎಲವೋ ಮೂಢ! ನನ್ನ ಸೊಸಿ ಕಾವಲಿಗಿರುವಾಗ ಒಂದು ಕಾಳು ಹೊರಗೆ ಬಂದೀತೇ?" ಅಂದೆ. ಚಪ್ಪಾಳೆ!

ಈ ಸಲ ಅವನು ನಿಮ್ಮ ಕಂಪನಿಯ ಸೂರ್ಯಪಾನ ಬೀಜವನ್ನೇ, ನೀವು ಸೂರ್ಯಕಾಂತಿ ಅನ್ನುತ್ತೀರಲ್ಲ ಅದನ್ನೇ, ತರಿಸುತ್ತಿದ್ದಾನೆ. ವಿಜಯದಶಮಿಗೆ ನಮ್ಮ ಹುಡುಗರ ನಾಟಕ. ಮೊದಲ ಗಂಟೆಗೂ ಮುಂಚೆ ನಾನು ಪರದೆಯ ಮುಂದೆ ಬಂದು ಊರಿಗೆಲ್ಲ ಸಾರುವವನಿದ್ದೇನೆ: ಬಿತ್ತಿದರೆ ಕಸ್ತೂರಿ ನೋಡಿದ ಬೀಜ ಬಿತ್ತಿರಿ, ಜವಾಬು ನನ್ನದು ಅಂತ. ಕುಷ್ಟಗಿ ಕಡೆಯ ಹಳ್ಳಿಗಳಿಂದಲೂ ಮಂದಿ ಬರುತ್ತದೆ. ನೀನು ಬಾ. ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಹಾಕಿಸಿರುತ್ತೇನೆ.

ಬದು ಹಾಕಿದೆ. ನಾನಲ್ಲ, ಕಳಕಪ್ಪ ಹಾಕಿದ. ಇನ್ನೊಂದು ಸಂಗತಿ. ನಿನ್ನ ಕಾಗದವನ್ನು ನಾನು ನಾಲ್ಕು ಮಡಿಕೆ ಮಾಡಿ ಗೂಡಿನಲ್ಲಿ ಇಟ್ಟಿದ್ದೆ. ಮರುದಿನ ನೋಡಿದರೆ ಎರಡೇ ಮಡಿಕೆ ಇತ್ತು. ನಿಮ್ಮತ್ತಿಗೆ ಓದಲು ಬರುವುದಿಲ್ಲ. ಅರ್ಥ ನೀನೇ ಮಾಡಿಕೋ. ಎರಿ ಹೊಲದ ನಾಲ್ಕೆಕರೆಗೂ ಸೂರ್ಯಪಾನವೇ ಬಿತ್ತುತ್ತಾನಂತೆ.

ಜಯಭೇರಿ ಹೊಡೆಯುತ್ತಿರುವ
ಕುಬೇರಪ್ಪ


ಗಂಗಾವತಿ
14-10-1989

ಮಾವನವರಿಗೆ,

ನಾಟಕಕ್ಕೆ ಬರಲಾಗಲಿಲ್ಲ. ಕುರ್ಚಿ ಖಾಲಿ ಉಳಿಯಿತೋ ಯಾರಾದರೂ ಕೂತರೋ? ಬಿತ್ತನೆ ಕಾಲ, ರಜೆ ಸಿಗಲಿಲ್ಲ ಅಂತ ಬರೆಯುತ್ತಿದ್ದೇನೆ. ನೀವೂ ಹಾಗೆಯೇ ಓದಿಕೊಳ್ಳಿ.

ಇಲ್ಲಿ ಮಹಾನವಮಿಯ ಖಂಡೆ ಪೂಜೆ ಜೋರಾಗಿ ಆಯಿತು. ಹೊಸ ಕಂಪ್ಯೂಟರುಗಳಿಗೆ ಮೊದಲ ಪೂಜೆ ನೋಡಿ, ಮ್ಯಾನೇಜರ್ ಸಾಹೇಬರು ಎಲ್ಲ ತಂತಿ ಬಿಚ್ಚಿಸಿ, ಯಂತ್ರಗಳನ್ನು ಗೋದಾಮಿನ ಲಕ್ಷ್ಮೀ ಪಟದ ಮುಂದೆ ಸಾಲಾಗಿ ಇಡಿಸಿದರು. ಪಕ್ಕದಲ್ಲಿ ತೂಕದ ಯಂತ್ರ, ಚೀಲ ಹೊಲಿಯುವ ಮಿಷನ್ನು, ಹೊನ್ನೂರಪ್ಪನ ಸೈಕಲ್ಲು. ಪೂಜಾರಿ ಒಂದೊಂದಕ್ಕೂ ಚೆಂಡು ಹೂವಿನ ಮಾಲೆ ಹಾಕಿ, ಗಾಜಿನ ಮೇಲಿನ ಮೂಲೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಅದರ ನಡುವೆ ರೂಪಾಯಿಯಷ್ಟು ದೊಡ್ಡ ಕುಂಕುಮ ಇಟ್ಟರು. ಎಣ್ಣೆಯಲ್ಲಿ ಕಲಸಿದ ಕುಂಕುಮ, ಕಲ್ಲಿನ ಹಾಗೆ ಅಂಟಿದೆ. ಅದು ತಾನಾಗಿ ಉದುರುವ ತನಕ ಮುಟ್ಟಬಾರದಂತೆ. ಮುಟ್ಟುವ ಧೈರ್ಯ ಯಾರಿಗಿದೆ?

ಮರುದಿನ ಹೊನ್ನೂರಪ್ಪ ಎಲ್ಲ ಮತ್ತೆ ಜೋಡಿಸಿದ. ಒಂದು ತಮಾಷೆ. ಪೂಜೆಯಾದಾಗಿನಿಂದ ನನ್ನ ಕಂಪ್ಯೂಟರು ಹೆಸರನ್ನೂ ಕೇಳುವುದಿಲ್ಲ, ಗುಟ್ಟಿನ ಪದವನ್ನೂ ಕೇಳುವುದಿಲ್ಲ, ಸೀದಾ ಒಳಗೆ ಬಿಡುತ್ತದೆ! ಹೊನ್ನೂರಪ್ಪ ಹೇಳುತ್ತಾನೆ: "ತಾಯಿ ಲಕ್ಷ್ಮಿ ಒಳಗ ಬಂದು ಕುಂತಾಳವ್ವ, ನಿನ್ನ ಗುರುತು ಹಿಡಿದಾಳ. ಇನ್ಯಾಕ ಹೆಸರು ಕೇಳ್ತಾಳ?" ಎಲ್ಲರೂ ನಕ್ಕೆವು.

ಹೋದ ತಿಂಗಳ ಮಳೆಗೆ ಗೋದಾಮಿನ ತಗಡು ಸೋರಿ, ಸೂರ್ಯಕಾಂತಿಯ ಒಂದು ಲಾಟು ನೆಂದಿತ್ತು. ಮೊದಲು ಪಾಸಾಗಿದ್ದದ್ದು. ಮೇಲೆ ಒಣಗಿ ಚೆನ್ನಾಗಿಯೇ ಕಾಣುತ್ತಿತ್ತು. ನನಗೆ ಅನುಮಾನ ಬಂದು ಮತ್ತೆ ಒದ್ದೆ ಕಾಗದದಲ್ಲಿ ಇಟ್ಟು ನೋಡಿದೆ. ಸುರುಳಿ ಬಿಚ್ಚಿದರೆ ಬೂಸಲು, ಅಲ್ಲೊಂದು ಇಲ್ಲೊಂದು ಮೊಳಕೆ. 'ಎಸ್-19' ಅಂತ ಆ ಲಾಟಿನ ಹೆಸರು. ಪಾಸು ಅನ್ನುವುದನ್ನು ಅಳಿಸಿ ಫೇಲು ಅಂತ ಬರೆದುಬಿಟ್ಟಿದ್ದೇನೆ. ನೀವು ಸಾರಿದ ಮಾತಿಗೆ ಧಕ್ಕೆ ಇಲ್ಲ ಮಾವ. ಆ ಚೀಲಗಳು ಗೇಟು ದಾಟುವುದಿಲ್ಲ.

ಬಿತ್ತಿಗೆ ಆಯಿತೇ?

ನಿಮ್ಮ
ಕಸ್ತೂರಿ


ಯಲಬುರ್ಗಾ
22-10-1989

ಕಸ್ತೂರಿ!

ದಸರೆಯಾಗಿ ಇಷ್ಟು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಬರಲಿಲ್ಲ, ಬರೆಯಲಿಲ್ಲ. ಇರಲಿ! ವಿಜಯದ ಹೊತ್ತಿನಲ್ಲಿ ರಾಜ ಮುನಿಸು ಇಟ್ಟುಕೊಳ್ಳಬಾರದು.

ಏನು ಮಂದಿ! ಏನು ಜಾತ್ರೆ! ಕಿರೀಟ ತೊಟ್ಟು ಪರದೆಯ ಮುಂದೆ ಬಂದು ಸಾರಿದೆ. ಕಡೇ ಸಾಲಿನ ಮುದುಕಿ ಎದ್ದು ಕೂತಳು! ಓಬಳೆಪ್ಪನ ಅಂಗಡಿಗೆ ಲಾರಿ ಬಂದ ದಿನವೇ ಚೀಲ ಅರ್ಧ ಖಾಲಿ. ಕುಷ್ಟಗಿ ಕಡೆಯವರು ಬಂಡಿ ಹೂಡಿಕೊಂಡು ಬಂದು ಒಯ್ದರು. ಕಳಕಪ್ಪ ಎಲ್ಲರಿಗಿಂತ ಮೊದಲು ಬಿತ್ತಿದ. ಹದ ಭಾಳ ಛಲೋ ಐತಿ. ದಿನಾ ಮುಂಜಾನೆ ಹೋಗಿ ಬಗ್ಗಿ ಬಗ್ಗಿ ನೋಡಿ ಬರುತ್ತಾನೆ. ಇನ್ನೂ ಏನೂ ಕಂಡಿಲ್ಲ. ಅಷ್ಟು ಅವಸರವೇಕೆ ಮೂಕಪ್ಪನಿಗೆ!

ಚೀಲದ ಬಾಯಿಗೆ ಹೊಲಿದಿದ್ದ ಚೀಟಿಯನ್ನು ನಾನು ಬಿಚ್ಚಿ ಇಟ್ಟುಕೊಂಡಿದ್ದೇನೆ. ನಿನ್ನ ಯಂತ್ರದಿಂದ ಬಂದ ಅಕ್ಷರ ಅಲ್ಲವೇ! ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಗೆ, ಕನ್ನಡಿಯ ಪಕ್ಕ ಅಂಟಿಸಿದೆ. 'ಎಸ್-19' ಅಂತ ಇದೆ. ನಮ್ಮೂರಿಗೆ ಬಂದ ಅಷ್ಟೂ ಚೀಲದ ಮೇಲೆ ಅದೇ. ಏನರ್ಥ ಅದಕ್ಕೆ? ಬರಿ.

ಕೀರ್ತಿಶಾಲಿ
ಕುಬೇರಪ್ಪ


ಗಂಗಾವತಿ
26-10-1989

ಮಾವ,

ಈ ಕಾಗದಕ್ಕಿಂತ ಮೊದಲು ನನ್ನ ಟೆಲಿಗ್ರಾಂ ಮುಟ್ಟಿರುತ್ತದೆ. 'ಎಸ್-19 ಬಿತ್ತಬೇಡಿ' ಅಂತಷ್ಟೇ ಕೊಟ್ಟೆ. ಬಿತ್ತಿದವರು ಮೊಳಕೆಗೆ ಕಾಯಬಾರದು. ಹದ ಆರುವುದರೊಳಗೆ ಬೇರೆ ಏನಾದರೂ ಹಾಕಿಕೊಳ್ಳಬೇಕು. ಮೊದಲು ಅದನ್ನು ಎಲ್ಲರಿಗೂ ಹೇಳಿ, ಆಮೇಲೆ ಇದನ್ನು ಓದಿ.

ನಿಮ್ಮ ಕಾಗದ ಓದುತ್ತಲೇ ಲ್ಯಾಬಿಗೆ ಓಡಿದೆ. ನನ್ನ ಗಾಜಿನಲ್ಲಿ ಎಸ್-19 ಫೇಲು ಅಂತಲೇ ಇದೆ. ಗೋದಾಮಿಗೆ ಹೋಗಿ ಹೊನ್ನೂರಪ್ಪನ ಗಾಜು ನೋಡಿದೆ. ಪಾಸು ಅಂತ ಇದೆ. ತಿರುಗಿ ಬಂದು ನನ್ನದರ ಮುಂದೆ ನಿಂತೆ. ಸೆರಗಿನ ತುದಿಗೆ ನೀರು ಹಚ್ಚಿ ಕುಂಕುಮ ಒರೆಸಿದೆ. ಅದರ ಕೆಳಗೆ 'ಸಿ' ಇತ್ತು.

ಪೂಜೆಯ ಮರುದಿನದಿಂದ ಇಲ್ಲಿಯ ತನಕ ನಾನು ಬರೆದದ್ದೆಲ್ಲ ನನ್ನ ಟ್ರಂಕಿನಲ್ಲೇ ಬಿದ್ದಿದೆ. ಹಿಂದೆ ಬಗ್ಗಿ ನೋಡಿದರೆ ತಂತಿಯ ಕೊಂಡಿ ನನ್ನ ಯಂತ್ರಕ್ಕೆ ಮುಟ್ಟಿ ಮುಟ್ಟದ ಹಾಗೆ ಜೋತಾಡುತ್ತಿದೆ. ಅದಕ್ಕೇ ಅದು ಹೆಸರು ಕೇಳುತ್ತಿರಲಿಲ್ಲ. ಲಕ್ಷ್ಮಿ ಗುರುತು ಹಿಡಿದಿರಲಿಲ್ಲ ಮಾವ, ಬಾಗಿಲೇ ಇರಲಿಲ್ಲ. ನಾನು ಮೈಕು ಬಂದಾದದ್ದು ಗೊತ್ತಿಲ್ಲದೆ ಪಾರ್ಟು ಹೇಳುತ್ತ ನಿಂತಿದ್ದೆ. ಮೊದಲ ಸಾಲಿಗೂ ಕೇಳಿಸಿಲ್ಲ.

ಮ್ಯಾನೇಜರ್ ಸಾಹೇಬರಿಗೆ ಹೇಳಿದೆ. ಬಾಗಿಲು ಹಾಕಿಕೊಂಡು ಹೀಗೆಂದರು: "ಯಾರಿಗೂ ಕಂಡಿಲ್ಲ ಅಂದ್ರ ಆಗೇ ಇಲ್ಲ ಅಂತ ಅರ್ಥ. ಕುಂಕುಮ ಒರೆಸಿದೆಲ್ಲ, ಹಾಂಗ ಅದನ್ನೂ ಒರೆಸಿಬಿಡು. ಮೊಳಕಿ ಬರದಿದ್ರ ಮಣ್ಣಿಗೆ ಬೈತಾರ, ಮಳಿಗೆ ಬೈತಾರ. ನಿನಗ ಬೈಯಾಂಗಿಲ್ಲ, ನನಗ ಬೈಯಾಂಗಿಲ್ಲ. ಒರೆಸದಿದ್ರ ನಾಳೆಯಿಂದ ನೀ ಬರೂದು ಬ್ಯಾಡ."

ಗೋದಾಮಿನಲ್ಲಿ ಆ ಲಾಟಿನ ಚೀಲ ಇನ್ನೂ ಇವೆ. ಕುಷ್ಟಗಿಗೆ ಹೋಗುವ ಲಾರಿಗೆ ಏರಿಸುತ್ತಿದ್ದಾರೆ. ನಿಲ್ಲಿಸು ಅಂತ ಹೊನ್ನೂರಪ್ಪನಿಗೆ ಬಾಯಿಮಾತಿನಲ್ಲಿ ಹೇಳಿದೆ. "ಗಾಜಿನಾಗ ಪಾಸ್ ಐತೆವ್ವ. ಸಾಹೇಬರು ಏರಸು ಅಂತಾರ. ನಿನ್ನ ಮಾತಿಗೆ ನಾ ಹ್ಯಾಂಗ ನಿಲ್ಲಸಲಿ?" ಅಂದ. ತಪ್ಪು ಅವನದಲ್ಲ. ಎಲ್ಲರ ಪೆಟ್ಟಿಗೆಯಲ್ಲಿ ಇರುವುದೇ ಇಲ್ಲಿ ಸತ್ಯ.

ಶನಿವಾರ ಶನಿವಾರ ಎಲ್ಲರ ಪೆಟ್ಟಿಗೆಯ ನಕಲನ್ನು ಫ್ಲಾಪಿ ಅನ್ನುವ ಒಂದು ತೆಳ್ಳನೆ ತಟ್ಟೆಯಲ್ಲಿ ಇಳಿಸಿ ಹೈದರಾಬಾದಿನ ಹೆಡ್ಡಾಫೀಸಿಗೆ ಕಳಿಸುತ್ತಾರೆ. ಆ ಹೊತ್ತಿಗೆ ನನ್ನ ಫೇಲು ಅದರಲ್ಲಿದ್ದರೆ ಯಾರೂ ಒರೆಸಲಾರರು. ಚೀಲ ವಾಪಸು ತರಿಸಲೇಬೇಕಾಗುತ್ತದೆ. ನನ್ನ ಕೆಲಸ ಹೋಗುತ್ತದೆ. ತಪ್ಪು ಬರೆದವಳು ಅಂತ ಹೆಸರು ಹೊತ್ತು ಯಾವ ಬಾಗಿಲಿಗೆ ಹೋಗಲಿ? ನಿಮ್ಮ ಮನೆಯನ್ನು ಬಿಟ್ಟು ಬಂದದ್ದು ಈ ಕೆಲಸ ನಂಬಿ. ಒರೆಸಿದರೆ ಕೆಲಸ ಉಳಿಯುತ್ತದೆ, ಊರ ಮುಂದೆ ನೀವು ಸುಳ್ಳುಗಾರರಾಗುತ್ತೀರಿ.

ನಾಡಿದ್ದು ಶನಿವಾರ. ಏನು ಮಾಡಲಿ?

ಕಸ್ತೂರಿ


ಯಲಬುರ್ಗಾ
1-11-1989

ಅವ್ವಾ ಕಸ್ತೂರಿ,

ನಿನ್ನ ಟೆಲಿಗ್ರಾಂ ಬಂತು. ಅದೇ ದಿನ, ಕುಷ್ಟಗಿ ಸುತ್ತಿಕೊಂಡು, ಖಂಡೆ ಪೂಜೆಯ ಕಾಗದವೂ ಬಂತು. ಎರಡನ್ನೂ ಒಟ್ಟಿಗೆ ಓದಿದೆ. ಬಣ್ಣದ ಪೆಟ್ಟಿಗೆ ತೆರೆದು ಚೀಟಿ ನೋಡಿದೆ. ಮುಚ್ಚಿದೆ.

ಮೈಕು ಹುಡುಕಿದೆ. ಎಲೆಕ್ಷನ್ ಬಂದಿದೆಯಲ್ಲ, ತಾಲೂಕಿನ ಮೈಕುಗಳೆಲ್ಲ ಜೀಪು ಹತ್ತಿ ಹೋಗಿವೆ. ಬೇಡ, ಕುಬೇರಪ್ಪನಿಗೆ ಮೈಕು ಯಾಕೆ? ಓಬಳೆಪ್ಪನ ಕಟ್ಟೆ ಏರಿದೆ. ಕೈ ಎತ್ತಿ ಕೂಗಿದೆ: "ಎಲೈ ಪುರಜನರೇ! ಬಿತ್ತಬೇಡಿರಿ! ಆ ಬೀಜ ಸತ್ತಿದೆ! ನನ್ನ ಮಾತು ನಂಬಿ ಕೆಟ್ಟಿರಿ!"

ಚಪ್ಪಾಳೆ ಹೊಡೆದರು, ಕಸ್ತೂರಿ.

"ಮಾಸ್ತರ, ಇದು ಯಾವ ಅಂಕರಿ?" ಅಂದ ಒಬ್ಬ. "ಅಳೂದು ಭಾರಿ ಛಲೋ ಮಾಡ್ತೀರಿ, ಇನ್ನೊಮ್ಮಿ!" ಅಂದ ಇನ್ನೊಬ್ಬ. ನಾನು ಎದೆ ಬಡಿದುಕೊಂಡೆ. ಸಿಳ್ಳು ಹಾಕಿದರು. ಜೀವಮಾನವೆಲ್ಲ ಸುಳ್ಳು ಕಣ್ಣೀರಿಗೆ ಅವರನ್ನು ಅಳಿಸಿದವನು ನಾನು. ಈಗ ನಿಜವಾದದ್ದು ಬಂದಾಗ ಅವರಿಗೆ ಹೇಗೆ ತಿಳಿಯಬೇಕು? ಮೆಲ್ಲಗೆ ಹೇಳಿ ನೋಡಿದೆ. ನನಗೆ ಮೆಲ್ಲಗೆ ಹೇಳಲು ಬರುವುದಿಲ್ಲ.

ಕಳಕಪ್ಪ ಮಂದಿಯ ಹಿಂದೆ ನಿಂತಿದ್ದ. ನನ್ನ ಕೈಯಿಂದ ಟೆಲಿಗ್ರಾಂ ತೆಗೆದುಕೊಂಡು ಓದಿದ. ಮನೆಗೆ ಹೋಗಿ ಎತ್ತು ಹೂಡಿ, ಕುಂಟೆ ಹೇರಿಕೊಂಡು, ಅದೇ ಮಂದಿಯ ನಡುವೆ ಹಾದು ನಮ್ಮ ಎರಿ ಹೊಲಕ್ಕೆ ನಡೆದ. ಎಲ್ಲರೂ ಬೆನ್ನು ಹತ್ತಿದರು. ಅಲ್ಲಲ್ಲಿ ಒಂದೊಂದು ಮೊಳಕೆ ತಲೆ ಎತ್ತಿತ್ತು. ನೋಡಿದರೆ ಇನ್ನಷ್ಟು ಬರಬಹುದು ಅಂತ ಆಸೆ ಹುಟ್ಟುವ ಹಾಗೆ. ಅವನು ಬದುವಿನಿಂದ ಬದುವಿಗೆ ಕುಂಟೆ ಹೊಡೆಯತೊಡಗಿದ. ತಾನು ಬಿತ್ತಿದ ಹೊಲವನ್ನು ತಾನೇ ಕಿತ್ತು ಹಾಕುವವನನ್ನು ಯಾರಾದರೂ ಕಂಡಿದ್ದಾರೆಯೇ? ಮಂದಿ ಬದುವಿನ ಮೇಲೆ ನಿಂತರು. ಯಾರೂ ಸಿಳ್ಳು ಹಾಕಲಿಲ್ಲ. ಓಬಳೆಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಬ್ಬೊಬ್ಬರೇ ತಿರುಗಿ ತಮ್ಮ ತಮ್ಮ ಎತ್ತಿನ ಕಡೆಗೆ ಹೋದರು.

ನಾಳೆಯಿಂದ ನಾನು ಹೊರಡುತ್ತೇನೆ. ಬಂಡಿಗಳು ಎಲ್ಲೆಲ್ಲಿಗೆ ಹೋದವೋ ಆ ಊರುಗಳಿಗೆಲ್ಲ, ಕುಷ್ಟಗಿ ಕಡೆಗೂ. ಅಲ್ಲಿಯವರು ನನ್ನನ್ನು ರಂಗದ ಮೇಲೆ ಕಂಡವರು, ಕಳಕಪ್ಪನ ಹೊಲ ಕಂಡವರಲ್ಲ. ಅವರು ನಗುತ್ತಾರೆ. ನಗುವುದು ನಿಲ್ಲುವ ತನಕ ಕೂಗುತ್ತೇನೆ.

ಟೆಲಿಗ್ರಾಂನ ಬೆನ್ನಿಗೇ ಬಂದ ಕಾಗದದಲ್ಲಿ ಏನು ಮಾಡಲಿ ಅಂತ ಕೇಳಿದ್ದೀ. ಸಣ್ಣವಳಿದ್ದಾಗ ಪರದೆಯ ಮರೆಯಲ್ಲಿ ನಿಂತು ನೀನು ನನಗೆ ಮಾತು ಎತ್ತಿಕೊಡುತ್ತಿದ್ದೆ. ನಾನು ಮರೆತಾಗಲೆಲ್ಲ ನಿನ್ನ ದನಿ ನನ್ನನ್ನು ಉಳಿಸಿತು. ಆ ಋಣ ಇದೆ. ಆದರೂ ಈ ಮಾತನ್ನು ನಾನು ಎತ್ತಿಕೊಡುವುದಿಲ್ಲ. ನಾನು ಎತ್ತಿಕೊಟ್ಟರೆ ಅದು ನನ್ನ ಮಾತಾಗುತ್ತದೆ, ನಿನ್ನದಲ್ಲ. ಒಂದು ಸಲ ಕಂಬಳಿಯ ಮೇಲೆ ಕೂರಿಸಿ ನನ್ನ ಮಾತನ್ನೇ ನಿನ್ನ ಬಾಯಿಂದ ಹೇಳಿಸಲು ನೋಡಿದವನು ನಾನು.

ಬಾಗಿಲಿನ ಮಾತು ಬರೆದಿದ್ದೀಯಲ್ಲ, ಅದಕ್ಕೆ ನಿಮ್ಮತ್ತಿ ಹೇಳಿದ್ದು ಇಷ್ಟೇ: "ನಮ್ಮ ಬಾಗಲಕ್ಕ ಅಗಳಿ ಯಾವಾಗ ಹಾಕೀವಿ?"

ನಿನ್ನ ಮಾವ
ಕುಬೇರಪ್ಪ


ಗಂಗಾವತಿ
6-11-1989

ಮಾವ,

ಹೋದ ತಿಂಗಳ ಕೊನೆಯ ಶನಿವಾರ ನಾನು ಸುಮ್ಮನಿದ್ದೆ. ಇದನ್ನು ಮೊದಲು ಹೇಳಿಬಿಡುತ್ತೇನೆ. ತಟ್ಟೆ ಹೈದರಾಬಾದಿಗೆ ಹೋಯಿತು. ಕುಷ್ಟಗಿಗೆ ಲಾರಿ ಹೋಯಿತು. ನಾನು ಕಿಟಕಿಯಿಂದ ನೋಡಿದೆ. ಒರೆಸಲಿಲ್ಲ, ಕೂಗಲೂ ಇಲ್ಲ. ನಾನು ಸುಮ್ಮನಿದ್ದದ್ದನ್ನು ಕಂಡು ಸಾಹೇಬರು ಒರೆಸಿದಳು ಅಂದುಕೊಂಡರು.

ಮೊನ್ನೆ ಶುಕ್ರವಾರ ನಿಮ್ಮ ಕಾಗದ ಬಂತು. ಕುಂಟೆಯ ಸಾಲುಗಳನ್ನೇ ಮತ್ತೆ ಮತ್ತೆ ಓದಿದೆ. ಕುಂಟೆ ಹೊಡೆದವರ ಬಗ್ಗೆ ನಾನೇನೂ ಬರೆಯುವುದಿಲ್ಲ. ಬರೆಯಲು ಬರುವುದಿಲ್ಲ.

ಶನಿವಾರ ಮುಂಜಾನೆ ಲ್ಯಾಬಿಗೆ ಹೋದವಳೇ ಮೇಜಿನ ಕೆಳಗೆ ನುಸುಳಿದೆ. ಕೊಂಡಿಯನ್ನು ಒತ್ತಿ, ತಿರುವಿದೆ. ಟಕ್ ಅಂತ ಕೂತಿತು. ಇಷ್ಟೇ ಇತ್ತು ಮಾವ. ಇಷ್ಟು ಸಣ್ಣ ಸದ್ದು. ಚಾಲೂ ಮಾಡಿದೆ. ಕಾಯ್ದೆ. ಅದು ನನ್ನ ಹೆಸರು ಕೇಳಿತು. ಅದೊಂದು ಪ್ರಶ್ನೆ ಇಷ್ಟು ಅಳು ತರುತ್ತದೆ ಅಂತ ಗೊತ್ತಿರಲಿಲ್ಲ. ಹೆಸರು ಹೇಳಿದೆ, ಗುಟ್ಟಿನ ಪದ ಹೇಳಿದೆ. ಮೂಲೆಯಲ್ಲಿ, ಕುಂಕುಮದ ಕೆಂಪು ಇನ್ನೂ ಉಳಿದಿದ್ದ ಗಾಜಿನ ಹಿಂದೆ, 'ಎಫ್' ಬಂತು. ನನ್ನ ಟ್ರಂಕಿನಲ್ಲಿದ್ದದ್ದನ್ನೆಲ್ಲ ಎಲ್ಲರ ಪೆಟ್ಟಿಗೆಗೆ ಸುರಿದೆ. ಪೂಜೆಯ ಮರುದಿನದ ತಾರೀಖನ್ನು ಬದಲಿಸಲಿಲ್ಲ. ತಡವಾದದ್ದು ಯಾರಿಂದ ಅಂತ ಕೆಳಗೆ ನನ್ನ ಹೆಸರು ಬರೆದೆ.

ಆಮೇಲೆ ಗೋದಾಮಿಗೆ ನಡೆದೆ. ಹೊನ್ನೂರಪ್ಪ ನಕಲು ಇಳಿಸಲು ಕೂತಿದ್ದ. "ಎಸ್-19 ತೆಗೆದು ನೋಡು ಹೊನ್ನೂರಪ್ಪ" ಅಂದೆ. ನೋಡಿದ. ನನ್ನನ್ನು ನೋಡಿದ. "ಏನವ್ವ ಇದು, ನಿನ್ನ ಕುತ್ತಿಗಿಗೆ ನೀನ ಹಗ್ಗ ಬರದಿಯಲ್ಲ" ಅಂದ. ತಟ್ಟೆಯನ್ನು ಒಳಗೆ ತಳ್ಳಿದ. ನಕಲು ಇಳಿದ ಮೇಲೆ ಅಂಗಳಕ್ಕೆ ಹೋಗಿ ಕೂಗಿದ: "ಹತ್ತೊಂಬತ್ತರ ಚೀಲ ಇಳಸ್ರಲೇ! ಎಲ್ಲಾ ಇಳಸ್ರಿ! ಫೇಲಾಗೇತಿ!" ನಿಮ್ಮ ಶಿಷ್ಯನ ಹಾಗೆ ಕೂಗಿದ.

ಮ್ಯಾನೇಜರ್ ಸಾಹೇಬರು ಬಂದಾಗ ತಟ್ಟೆ ಬಸ್ಸು ಹತ್ತಿತ್ತು. ಅವರು ಬೈಯಲಿಲ್ಲ. ಲ್ಯಾಬಿನ ಬೀಗದಕೈ ಇಸಿದುಕೊಂಡರು, ಅಷ್ಟೇ.

ಈ ತಿಂಗಳ ಕೊನೆಯ ತನಕ ಬಾಡಿಗೆ ಕೋಣೆ ನನ್ನದು. ಆಮೇಲಿನದು ಗೊತ್ತಿಲ್ಲ. ನಿಮ್ಮ ಗಂಟಲು ಜೋಪಾನ ಮಾವ. ಎಲ್ಲಿಯ ತನಕ ಹೋದಿರಿ? ಕಡೇ ಸಾಲಿಗೆ ಕೇಳಿಸಿತೇ?

ಕಸ್ತೂರಿ


ಯಲಬುರ್ಗಾ
15-11-1989

ಕಸ್ತೂರಿಗೆ,

ಕಳಕಪ್ಪ ಬರೆಯುವುದು. ನಾನು ಕಾಗದ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಅಪ್ಪನ ದನಿ ಹೋಗಿದೆ. ಊರೂರು ತಿರುಗಿ ಕೂಗಿ ಕೂಗಿ ಗಂಟಲಿನಿಂದ ರಕ್ತ ಬಂತು. ಕೊಪ್ಪಳಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಪಿಸುಮಾತೂ ಆಡಬಾರದು ಅಂದಿದ್ದಾರೆ. ಮುಂದೆ ದನಿ ಬಂದರೂ ನಾಟಕದ ದನಿ ಬರುವುದಿಲ್ಲವಂತೆ. ಸಣ್ಣ ಹುಡುಗರ ಪಾಟಿ-ಬಳಪ ತಂದು ಕೊಟ್ಟಿದ್ದೇನೆ. ದೊಡ್ಡ ದೊಡ್ಡ ಅಕ್ಷರ ಬರೆಯುತ್ತಾನೆ.

ನಿಮ್ಮ ಕಂಪನಿಯ ಲಾರಿ ಬಂದು ಓಬಳೆಪ್ಪನ ಅಂಗಡಿಯ ಚೀಲಗಳನ್ನು ತುಂಬಿಕೊಂಡು ಹೋಯಿತು. ಬದಲಿ ಬೀಜ ಕೊಡುತ್ತಾರಂತೆ. ನಮ್ಮೂರಿನ ಮಂದಿ ಅದಕ್ಕೆ ಕಾಯಲಿಲ್ಲ. ಹದ ಇರುವಾಗಲೇ ಮನೆಯ ಕಡಲೆ ಬಿತ್ತಿಕೊಂಡೆವು. ನಮ್ಮ ಹೊಲದಲ್ಲಿ ಸಾಲು ಎದ್ದಿದೆ. ಕುಂಟೆ ಹೊಡೆದದ್ದು ನಿನಗಾಗಿ ಅಂತ ಅವ್ವ ಅನ್ನುತ್ತಾಳೆ. ಅಲ್ಲ. ಬೀಜ ಸತ್ತಿತ್ತು, ಹೊಡೆದೆ. ನೀನು ಒಲ್ಲೆ ಅಂದದ್ದು ನನಗೆ ಮೊದಲ ಸಲಕ್ಕೇ ಕೇಳಿಸಿತ್ತು.

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ತಟ್ಟೆ ಬಸ್ಸು ಹತ್ತಿದ ಕಡೆ ಬಂದಾಗ ಕೈಯೆತ್ತಿ ಸಾಕು ಅಂದ. ಕೊನೆಯಲ್ಲಿ ನೀನು ಕೇಳಿದ್ದನ್ನೇ ಪಾಟಿಯ ಮೇಲೆ ಬರೆದು ನನ್ನ ಕಡೆ ಹಿಡಿದ. ಕಡೇ ಸಾಲಿಗೆ ಕೇಳಿತೇನು?

ಕೇಳಿತು ಅಂದೆ.

ಅಪ್ಪ ತಿರುಗಲಾಗದೆ ಮಲಗಿದ ಮೇಲೆ ಉಳಿದ ಊರುಗಳಿಗೆ ನಾನು ಸೈಕಲ್ ಮೇಲೆ ಹೋಗಿ ಬಂದಿದ್ದೆ. ಕುಷ್ಟಗಿ ಆಚೆ ಹಳ್ಳದ ದಂಡೆಗೆ ಒಂದು ಸಣ್ಣ ಊರಿದೆ. ಅಲ್ಲಿಗೆ ನಿನ್ನ ಟೆಲಿಗ್ರಾಂ ಆದ ಮೇಲಿನ ಲಾರಿಯ ಚೀಲ ಹೋಗಿವೆ. ಅಲ್ಲಿಯ ತನಕ ಅಪ್ಪ ಮುಟ್ಟಿರಲಿಲ್ಲ. ಮಾರೆವ್ವ ಅಂತ ಒಬ್ಬ ಮುದುಕಿ ಹೊಲದ ನಡುವೆ ಕೂತು ಮಣ್ಣು ಕೆದರಿ ಕೆದರಿ ನೋಡುತ್ತಿದ್ದಳು. ಹದ ಆರಿತ್ತು. ನನ್ನನ್ನು ಕಂಡು, "ಯಪ್ಪಾ, ದಸರಿ ನಾಟಕದ ರಾಜ ಹೇಳಿದ್ದ ಬೀಜ ಇದು. ಇನ್ನ ಎಷ್ಟು ದಿನಕ್ಕ ಏಳತೈತಿ?" ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಸೈಕಲ್ ತಿರುಗಿಸಿಕೊಂಡು ಬಂದೆ.

ಇದನ್ನು ಅಪ್ಪನಿಗೆ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ. ಕಂಪನಿಯ ಬದಲಿ ಬೀಜ ಆಕೆಗೆ ಈ ವರ್ಷ ಕೆಲಸಕ್ಕೆ ಬರುವುದಿಲ್ಲ. ನಮ್ಮ ಕಣಜದ ಜೋಳ ಒಂದು ಬಂಡಿ ಒಯ್ದು ಹಾಕಬೇಕು ಅಂತ ಇದ್ದೇನೆ. ಆದರೆ ಜೋಳ ಹಾಕಿ ಸುಮ್ಮನೆ ಬರುವುದಲ್ಲ. ಏನಾಯಿತು ಅಂತ ಆಕೆಯ ಮುಂದೆ ಕೂತು ಯಾರಾದರೂ ಹೇಳಬೇಕು. ಅಪ್ಪನಿಗೆ ದನಿ ಇಲ್ಲ. ನನಗೆ ಇದ್ದೂ ಇಲ್ಲ.

ಬರುವ ಸೋಮವಾರ ಬಂಡಿ ಹೂಡುತ್ತೇನೆ. ಗಂಗಾವತಿಯ ಮೊದಲ ಬಸ್ಸು ಬರುವ ತನಕ ಕುಷ್ಟಗಿ ಸ್ಟ್ಯಾಂಡಿನ ಹೊರಗೆ ನಿಂತಿರುತ್ತೇನೆ.

ಕಳಕಪ್ಪ